ನಾಲಗೆಯ ಕಾವಲು ತಪ್ಪಿಸುವ ಸಿಹಿ

ಕರಾವಳಿಯ ಮದುವೆಗಳಲ್ಲಿ ಈಗ ಮುಹೂರ್ತಕ್ಕಿಂತ ಹಿಂದಿನ ರಾತ್ರಿಯ ಮೆಹಂದಿಗೇ ಸಂಭ್ರಮ ಹೆಚ್ಚು. ಮೂರು ವರ್ಷಗಳ ಹಿಂದೆ ಬೈಂದೂರಿನ ಸಮೀಪದ ಹಳ್ಳಿಯೊಂದರಲ್ಲಿ ನನ್ನ ಅಕ್ಕನ ಮನೆಯ ಮೆಹಂದಿಗೆ ಹೋಗಿದ್ದೆ. ಅಂಗಳದಲ್ಲಿ ಹೆಂಗಸರೂ ಮಕ್ಕಳೂ ಕೈಗೆ ಮದರಂಗಿ ಹಚ್ಚಿಸಿಕೊಳ್ಳುತ್ತಿದ್ದರೆ, ಮನೆಯ ಹಿಂದಿನ ತೆಂಗಿನ ತೋಟದಲ್ಲಿ ಗಂಡಸರ ಇನ್ನೊಂದು ಸಭೆ ನೆರೆದಿತ್ತು. ದುಬೈಯಿಂದ ಬಂದಿದ್ದ ಅಕ್ಕನ ಮಗ ನನ್ನನ್ನು ಕಂಡು ಸ್ವಲ್ಪ ಸಂಕೋಚದಿಂದಲೇ ಒಂದು ಸೀಸೆಯನ್ನು ಮುಂದೆ ಹಿಡಿದ. ‘ಮಾವಯ್ಯ, ಇದ್ ಹೊಸಬ್ರಿಗೆ ಅಂದೇಳಿ ಮಾಡದ್. ಜ್ಯೂಸ್ ಇದ್ದಂಗ್ ಇತ್ತ್ ಕಾಣಿ’ ಎಂದ. ಅವನ ಪಕ್ಕದಲ್ಲಿ ಅಕ್ಕನ ಮೊಮ್ಮಗ, ಹತ್ತೊಂಬತ್ತು ದಾಟಿದ್ದ ಕಾಲೇಜು ಹುಡುಗ, ಪ್ಲಾಸ್ಟಿಕ್ ಲೋಟ ಹಿಡಿದುಕೊಂಡು ನನ್ನ ಮುಖವನ್ನೇ ನೋಡುತ್ತಿದ್ದ.

ಸೀಸೆಯ ಮೇಲಿನ ಚೀಟಿಯನ್ನು ಓದಿದೆ. ಕಡತ ಓದಿ ಬಾಳಿದವನಿಗೆ ಅದು ಬಿಡದ ಚಟ. ವಿಸ್ಕಿ ಎಂಬ ಮಾತು ದೊಡ್ಡದಾಗಿತ್ತು. ಅದರ ಕೆಳಗೆ ಸಣ್ಣ ಅಕ್ಷರಗಳಲ್ಲಿ ಜೇನು ಸೇರಿದ, ವಿಸ್ಕಿ ಆಧಾರಿತ ಪಾನೀಯ ಎಂಬ ವಿವರಣೆ. ಮದ್ಯಸಾರ ಶೇ 35. ಒಂದು ಚಮಚದಷ್ಟು ನಾಲಗೆಗೆ ಇಟ್ಟುಕೊಂಡು ನೋಡಿದೆ. ಗಂಟಲಲ್ಲಿ ಉರಿಯಿಲ್ಲ, ಮೂಗಿಗೆ ಅಡರುವ ವಾಸನೆಯಿಲ್ಲ. ಕೆಮ್ಮಿನ ಔಷಧಿಯನ್ನು ಯಾರೋ ರುಚಿಕಟ್ಟಾಗಿ ತಯಾರಿಸಿದಂತಿತ್ತು. ‘ಇದು ಬರೀ ಪಾನಕ. ಇವತ್ತೊಂದು ದಿನ ಇರಲಿ ಬಿಡಿ’ ಎಂದು ನಕ್ಕು, ಊಟ ಮುಗಿಸಿ ಮಲಗಲು ಹೋದೆ. ಆ ಒಂದು ಮಾತನ್ನು ನಾನು ಇಂದಿಗೂ ಹಿಂದಕ್ಕೆ ಪಡೆಯಲು ಸಾಧ್ಯವಾಗಿಲ್ಲ.

ರಾತ್ರಿ ಒಂದೂವರೆಯ ಹೊತ್ತಿಗೆ ಆ ಹುಡುಗ ಗೆಳೆಯನೊಬ್ಬನನ್ನು ಕುಂದಾಪುರಕ್ಕೆ ಬಿಟ್ಟುಬರುವೆನೆಂದು ಬೈಕ್ ಹತ್ತಿದ. ತ್ರಾಸಿ ದಾಟುವ ಮುನ್ನ ಹೆದ್ದಾರಿಯ ವಿಭಜಕಕ್ಕೆ ಬೈಕ್ ಬಡಿಯಿತು. ಗೆಳೆಯನಿಗೆ ತರಚು ಗಾಯಗಳಾದವು. ಇವನ ಬಲಗಾಲಿನ ಮೂಳೆ ಎರಡು ಕಡೆ ಮುರಿಯಿತು. ಪ್ರಾಣ ಉಳಿಯಿತು, ಕಾಲೇಜಿನ ಒಂದು ವರ್ಷ ಹೋಯಿತು, ನಡಿಗೆಯಲ್ಲಿ ಒಂದು ಕುಂಟು ಉಳಿಯಿತು. ಆಸ್ಪತ್ರೆಯಲ್ಲಿ ಅವನು ನನಗೆ ಹೇಳಿದ ಮಾತು ಇಷ್ಟೇ: ‘ಸಿಹಿ ಇದ್ದಿತ್ತ್ ಅಜ್ಜಯ್ಯ. ಎಷ್ಟ್ ಕುಡಿದ್ದೆ ಅಂದೇಳಿ ಗೊತ್ತೇ ಆಯ್ಲಿಲ್ಲೆ.’

ಈ ಲೇಖನವನ್ನು ಬರೆಯಲು ಆ ಮಾತೇ ಕಾರಣ. ಹುಡುಗ ತನ್ನ ತಪ್ಪಿಗೆ ನೆಪ ಹುಡುಕುತ್ತಿರಲಿಲ್ಲ. ಆ ಪಾನೀಯದ ಸ್ವಭಾವವನ್ನು ನಾನು ಓದಿದ ಯಾವ ವರದಿಗಿಂತಲೂ ಖಚಿತವಾಗಿ ಹೇಳಿದ್ದ.

ಇಂತಹ ಪಾನೀಯಗಳು ಒಂದು ಸಂಸ್ಥೆಯ ಅಥವಾ ಒಂದು ದೇಶದ ಸೃಷ್ಟಿಯಲ್ಲ. ಐರ್ಲೆಂಡಿನಲ್ಲಿ ವಿಸ್ಕಿಗೆ ಹಾಲಿನ ಕೆನೆ ಮತ್ತು ಸಕ್ಕರೆ ಬೆರೆಸಿದ ಬೇಲೀಸ್ ಎಂಬ ಪೇಯ ಮಾರುಕಟ್ಟೆಗೆ ಬಂದದ್ದು 1974ರಲ್ಲಿ. ಅದರಲ್ಲಿ ಮದ್ಯಸಾರ ಶೇ 17 ಮಾತ್ರ. ಅಮೆರಿಕದ ಜ್ಯಾಕ್ ಡೇನಿಯಲ್ಸ್ 2011ರಲ್ಲಿ ಶೇ 35ರ ಜೇನು ಬೆರೆತ ಪೇಯವನ್ನು ತಂದಿತು. ಬಳಿಕ ಸ್ಕಾಟ್‌ಲೆಂಡಿನ ಹಳೆಯ ಮನೆತನಗಳೂ ಜೇನು, ನಿಂಬೆ, ಹಣ್ಣಿನ ರಸಗಳ ದಾರಿ ಹಿಡಿದವು. ಸ್ಕಾಚ್ ವಿಸ್ಕಿಯ 2009ರ ನಿಯಮಗಳ ಪ್ರಕಾರ ಶೇ 40ಕ್ಕಿಂತ ಕಡಿಮೆ ಮದ್ಯಸಾರವಿರುವುದನ್ನು ಸ್ಕಾಚ್ ಎಂದು ಮಾರುವಂತಿಲ್ಲ. ನೀರು ಮತ್ತು ಬಣ್ಣಕ್ಕಾಗಿ ಬಳಸುವ ಕ್ಯಾರಮೆಲ್ ಬಿಟ್ಟು ಬೇರೇನನ್ನೂ ಸೇರಿಸುವಂತಿಲ್ಲ. ಆದ್ದರಿಂದಲೇ ಚೀಟಿಯ ಮೇಲೆ ಹಳೆಯ ಹೆಸರು ದೊಡ್ಡದಾಗಿಯೂ ಪೇಯದ ನಿಜವಾದ ವರ್ಗ ಚಿಕ್ಕದಾಗಿಯೂ ಅಚ್ಚಾಗುತ್ತದೆ. ದೊಡ್ಡ ಹೆಸರಿನ ಪ್ರತಿಷ್ಠೆಯನ್ನು ಕಲಿಯುವವನಿಗೆ ಸುಲಭ ದರದಲ್ಲಿ ಕೊಡುವುದೇ ಇದರ ವ್ಯಾಪಾರ.

ಹೆಸರಿನ ಈ ಕಟ್ಟುಪಾಡು ನಮ್ಮಲ್ಲಿ ಇನ್ನಷ್ಟು ಸಡಿಲ. ಭಾರತದಲ್ಲಿ ಮಾರಾಟವಾಗುವ ಅಗ್ಗದ ವಿಸ್ಕಿಗಳಲ್ಲಿ ಹೆಚ್ಚಿನವುಗಳ ಮೂಲ ಬಾರ್ಲಿಯಲ್ಲ, ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದ ಇಳಿಸಿದ ಮದ್ಯಸಾರ. ಯುರೋಪಿಯನ್ ಒಕ್ಕೂಟ ಅದನ್ನು ವಿಸ್ಕಿ ಎಂದು ಒಪ್ಪುವುದೇ ಇಲ್ಲ. ಇದೇ ಕರ್ನಾಟಕದ ಅಮೃತ್ ಡಿಸ್ಟಿಲರೀಸ್ 2004ರಲ್ಲಿ ಬಾರ್ಲಿಯ ಸಿಂಗಲ್ ಮಾಲ್ಟನ್ನು ಸ್ಕಾಟ್‌ಲೆಂಡಿನ ಗ್ಲಾಸ್ಗೋದಲ್ಲೇ ಬಿಡುಗಡೆ ಮಾಡಿ ಹೆಸರು ಗಳಿಸಿತೆಂಬುದೂ ನಿಜ. ಆದರೆ ನನ್ನ ಚಿಂತೆ ಇರುವುದು ಯಾವುದು ಅಸಲಿ, ಯಾವುದು ನಕಲಿ ಎಂಬ ರಸಿಕರ ಚರ್ಚೆಯಲ್ಲಲ್ಲ. ಇಂದಿನವರೆಗೂ ಕುಡಿಯದೆ ಇರುವವನನ್ನು ಕುಡಿಯುವವನನ್ನಾಗಿ ಮಾಡಲೆಂದೇ ರೂಪಿಸಿದ ಪದಾರ್ಥದಲ್ಲಿ ಏನು ವಿಶೇಷ ಎಂಬುದು ನನ್ನ ಪ್ರಶ್ನೆ. ಅದಕ್ಕೆ ಉತ್ತರ ನಮ್ಮ ಕುಂದಾಪುರದ ಕಡೆಯ ತೆಂಗಿನ ಮರದಲ್ಲೇ ಇದೆ ಎಂದು ನನಗೆ ಅನ್ನಿಸುತ್ತದೆ.

ನಾನು ಹುಟ್ಟಿದ ಕಾಲಕ್ಕೆ ನಮ್ಮ ಕಡೆ ಪಾನನಿಷೇಧವಿತ್ತು. 1948ರ ಅಕ್ಟೋಬರ್ 2ರಂದು ಮದರಾಸು ಪ್ರಾಂತ್ಯಕ್ಕೆಲ್ಲ ಪಾನನಿಷೇಧ ವಿಸ್ತರಿಸಿದಾಗ ದಕ್ಷಿಣ ಕನ್ನಡ ಜಿಲ್ಲೆ ಆ ಪ್ರಾಂತ್ಯದ ಭಾಗವಾಗಿತ್ತು. ಮೈಸೂರು ರಾಜ್ಯ 1967ರಲ್ಲಿ ಆ ನೀತಿಯನ್ನು ಕೈಬಿಟ್ಟಿತು. ಅಲ್ಲಿಯವರೆಗೆ ಊರಿನಲ್ಲಿ ಕುಡಿತ ಇರಲಿಲ್ಲವೆಂದಲ್ಲ. ಅದು ಕಳ್ಳಭಟ್ಟಿಯಾಗಿ ಹಾಡಿಯೊಳಗೆ ಸೇರಿಕೊಂಡಿತ್ತು. ನಿಷೇಧ ತೆರವಾದ ಮೇಲೆ ನಮ್ಮ ಮನೆಯ ಹಿಂದಿನ ತೋಟಕ್ಕೆ ಮೂರ್ತೆದಾರರೊಬ್ಬರು ಬೆಳಗ್ಗೆ ಮತ್ತು ಸಂಜೆ ಬಂದು ಮರವೇರುತ್ತಿದ್ದರು. ಕಳ್ಳು ಆಗ ಕೇವಲ ಕುಡುಕರ ಪದಾರ್ಥವಾಗಿರಲಿಲ್ಲ. ದೈವದ ಮುಂದೆ ಅದಕ್ಕೊಂದು ಸ್ಥಾನವಿತ್ತು, ಹಿಟ್ಟು ಹುದುಗಿಸಲು ಅಡುಗೆಮನೆಗೂ ಬರುತ್ತಿತ್ತು. ಇಂದು ಬ್ರಹ್ಮಾವರ ತಾಲ್ಲೂಕಿಗೆ ಸೇರಿದ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ‘ಚೋಮನ ದುಡಿ’ಯಲ್ಲಿ ತೋರಿಸಿದಂತೆ, ಬಡವನ ದಣಿವಿಗೂ ದುಃಖಕ್ಕೂ ಅದು ಆಸರೆಯಾಗಿತ್ತು, ಅವನ ಪತನಕ್ಕೂ ದಾರಿಯಾಗಿತ್ತು. ಕಳ್ಳನ್ನು ನಾನು ವೈಭವೀಕರಿಸಲು ಹೊರಟಿಲ್ಲ. ಆದರೆ ಅದರ ಒಂದು ಗುಣವನ್ನು ಗಮನಿಸಬೇಕು.

ಮರದಿಂದ ಇಳಿಯುವ ರಸ ಸಿಹಿ. ಮಡಕೆಯ ಒಳಮೈಗೆ ಸುಣ್ಣ ಬಳಿದಿದ್ದರೆ ಅದು ಹುದುಗದೆ ಸಿಹಿಯಾಗಿಯೇ ಉಳಿದು ನೀರಾ ಎನಿಸಿಕೊಳ್ಳುತ್ತದೆ, ಕಾಯಿಸಿದರೆ ಬೆಲ್ಲವಾಗುತ್ತದೆ. ಸುಣ್ಣವಿಲ್ಲದಿದ್ದರೆ ಗಾಳಿಯಲ್ಲಿರುವ ಯೀಸ್ಟ್ ಕೂಡಲೇ ಕೆಲಸಕ್ಕೆ ತೊಡಗುತ್ತದೆ. ಯೀಸ್ಟಿನ ಆಹಾರವೇ ಸಕ್ಕರೆ. ಅದು ಸಕ್ಕರೆಯನ್ನು ತಿಂದು ಮದ್ಯಸಾರವನ್ನು ಬಿಡುತ್ತದೆ. ಹೀಗಾಗಿ ಬೆಳಗಿನ ಕಳ್ಳು ಸಿಹಿ, ಆದರೆ ಅದರಲ್ಲಿ ಅಮಲು ಕಡಿಮೆ. ಸಂಜೆಯ ಹೊತ್ತಿಗೆ ಅಮಲು ಏರುತ್ತದೆ, ಸಿಹಿ ಇಳಿದು ಹುಳಿ ಬರುತ್ತದೆ. ಮರುದಿನಕ್ಕೆ ಅದು ವಿನೆಗರಿನತ್ತ ಹೊರಳಿ ಕುಡಿಯಲು ಆಗದಂತಾಗುತ್ತದೆ. ಅಮಲು ಎಷ್ಟೇ ಏರಿದರೂ ಸಾಮಾನ್ಯವಾಗಿ ಶೇ 4ರಿಂದ 6ರ ಆಸುಪಾಸಿನಲ್ಲೇ ನಿಲ್ಲುತ್ತದೆ.

ಇದರ ಅರ್ಥ ಸರಳ. ಕಳ್ಳಿನಲ್ಲಿ ಸಿಹಿ ಮತ್ತು ಅಮಲು ತಕ್ಕಡಿಯ ಎರಡು ತಟ್ಟೆಗಳಂತೆ. ಒಂದು ಏರಿದರೆ ಇನ್ನೊಂದು ಇಳಿಯಲೇಬೇಕು. ಕುಡಿಯುವವನ ನಾಲಗೆಗೆ ತಾನು ಎಂತಹುದನ್ನು ಕುಡಿಯುತ್ತಿದ್ದೇನೆಂಬುದು ಪ್ರತಿ ಗುಟುಕಿನಲ್ಲೂ ತಿಳಿಯುತ್ತಿತ್ತು. ಭಟ್ಟಿ ಇಳಿಸಿದ ಮದ್ಯದಲ್ಲೂ ಇಂತಹದೇ ಒಂದು ಸೂಚನೆಯಿದೆ. ವಿಸ್ಕಿಯ ಮೊದಲ ಗುಟುಕು ಹೊಸಬನ ಗಂಟಲನ್ನು ಸುಡುತ್ತದೆ, ಮುಖ ಕಿವುಚಿಸುತ್ತದೆ. ಇದು ದೇಹ ಕೂಗಿ ಹೇಳುವ ಎಚ್ಚರಿಕೆ. ಅನೇಕರು ಜೀವನದಲ್ಲಿ ಒಮ್ಮೆ ಆ ಎಚ್ಚರಿಕೆಯನ್ನು ಕೇಳಿಸಿಕೊಂಡು ಮತ್ತೆ ಅದರ ತಂಟೆಗೆ ಹೋಗಿಲ್ಲ. ನಾನೂ ಅವರಲ್ಲೊಬ್ಬ.

ಹೊಸಬರ ಸಿಹಿ ಪೇಯದಲ್ಲಿ ಈ ತಕ್ಕಡಿಯನ್ನು ಮುರಿದಿರುತ್ತಾರೆ. ಅಲ್ಲಿ ಮದ್ಯಸಾರ ಒಂದು ಪೀಪಾಯಿಯಿಂದ ಬರುತ್ತದೆ, ಸಿಹಿ ಇನ್ನೊಂದರಿಂದ. ಎರಡೂ ಒಟ್ಟಿಗೆ ಏರಬಹುದು. ನಾಲಗೆ ಎಳನೀರು ಕುಡಿಯುತ್ತಿದ್ದೇನೆ ಎಂದುಕೊಂಡಿರುವಾಗ ಯಕೃತ್ತು ಮತ್ತು ಮಿದುಳಿಗೆ ಬೇರೆಯೇ ಲೆಕ್ಕ ಸಲ್ಲುತ್ತಿರುತ್ತದೆ. ‘ಲಘು’ ಎಂಬ ಮಾತು ಸುಳ್ಳಲ್ಲ. ಶೇ 35 ಎಂಬುದು ಶೇ 42.8ಕ್ಕಿಂತ ಕಡಿಮೆಯೇ. ಆದರೆ ನಿಜವಾಗಿ ತಗ್ಗಿರುವುದು ಮದ್ಯಸಾರಕ್ಕಿಂತ ಹೆಚ್ಚಾಗಿ ಕುಡಿಯುವವನ ಹಿಂಜರಿಕೆ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದವನು ಮಾತನ್ನು ಲೆಕ್ಕದಲ್ಲಿ ಪರೀಕ್ಷಿಸದೆ ಬಿಡಬಾರದು. ನಮ್ಮಲ್ಲಿ ಸಾಮಾನ್ಯ ವಿಸ್ಕಿಯ ಪ್ರಮಾಣ ಶೇ 42.8. ಅದರ 30 ಮಿಲಿ ಲೀಟರಿನ ಒಂದು ಪೆಗ್ಗಿನಲ್ಲಿ ಸುಮಾರು 10 ಗ್ರಾಂ ಶುದ್ಧ ಮದ್ಯಸಾರವಿರುತ್ತದೆ. ಶೇ 35ರ ಸಿಹಿ ಪೇಯದ ಅಷ್ಟೇ ಅಳತೆಯಲ್ಲಿ 8 ಗ್ರಾಂ ಚಿಲ್ಲರೆ. ವ್ಯತ್ಯಾಸ ಎರಡು ಗ್ರಾಂಗಿಂತಲೂ ಕಡಿಮೆ. ಮೊದಲ ಸಲ ವಿಸ್ಕಿ ಕುಡಿಯುವ ಹುಡುಗ ನೀರು ಬೆರೆಸಿ, ಮುಖ ಸಿಂಡರಿಸಿ, ಎರಡು ಪೆಗ್ಗಿಗೆ ಸಾಕೆಂದನೆನ್ನೋಣ. ಅವನ ದೇಹಕ್ಕೆ 20 ಗ್ರಾಂ ಸೇರಿತು. ಸಿಹಿ ಪೇಯವನ್ನು ಅದೇ ಹುಡುಗ ಮಂಜುಗಡ್ಡೆ ಹಾಕಿಕೊಂಡು ನಾಲ್ಕು ಪೆಗ್ ಕುಡಿದರೆ 33 ಗ್ರಾಂ. ಅಂದರೆ ‘ಲಘು’ ಪೇಯದಿಂದ ಒಂದೂವರೆ ಪಟ್ಟಿಗೂ ಹೆಚ್ಚು ಮದ್ಯಸಾರ. ಅರವತ್ತು ಕಿಲೋ ತೂಕದ ಯುವಕ ಇಷ್ಟನ್ನು ಒಂದೆರಡು ಗಂಟೆಯೊಳಗೆ ಕುಡಿದರೆ ಅವನ ರಕ್ತದಲ್ಲಿ ಮದ್ಯಸಾರ, ಮೋಟಾರು ವಾಹನ ಕಾಯ್ದೆ ವಿಧಿಸಿರುವ ಮಿತಿಯ, ಅಂದರೆ 100 ಮಿಲಿ ಲೀಟರ್ ರಕ್ತಕ್ಕೆ 30 ಮಿಲಿ ಗ್ರಾಂನ, ಸುಮಾರು ಎರಡು ಪಟ್ಟು ಇರುತ್ತದೆ. ತಲೆ ಮಾತ್ರ ‘ನನಗೇನೂ ಆಗಿಲ್ಲ’ ಎನ್ನುತ್ತಿರುತ್ತದೆ.

ಬಣ್ಣದ ಸೀಸೆಗಳಲ್ಲಿ ಹಣ್ಣಿನ ಹೆಸರಿನೊಡನೆ ಬರುವ ಶೇ 4.8ರ ಪೇಯಗಳ ಲೆಕ್ಕವೂ ಇಂತಹದೇ. 275 ಮಿಲಿ ಲೀಟರಿನ ಅಂತಹ ಒಂದು ಸೀಸೆ ಖಾಲಿಯಾದರೆ ಒಂದು ಪೆಗ್ ವಿಸ್ಕಿ ಹೊಟ್ಟೆ ಸೇರಿದಂತೆ. ‘ನಾನು ವಿಸ್ಕಿ ಮುಟ್ಟುವುದಿಲ್ಲ, ಇದನ್ನು ಮಾತ್ರ ಮೂರು ಕುಡಿಯುತ್ತೇನೆ’ ಎನ್ನುವವರು ಮೂರು ಪೆಗ್ ಮುಟ್ಟಿರುತ್ತಾರೆ.

ಹೀಗಿರುವಾಗ ಉದ್ಯಮ ಹೊಸಬನನ್ನೇ ಏಕೆ ಹುಡುಕಿಕೊಂಡು ಬರುತ್ತದೆ? ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ನಡೆಸಿ 2019ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಉತ್ತರ ಸಿಗುತ್ತದೆ. ದೇಶದಲ್ಲಿ 10ರಿಂದ 75 ವರ್ಷದವರ ಪೈಕಿ ಮದ್ಯ ಸೇವಿಸುವವರು ಶೇ 14.6, ಅಂದರೆ ಸುಮಾರು 16 ಕೋಟಿ. ಮಾರುಕಟ್ಟೆಯ ಕಣ್ಣಿನಿಂದ ನೋಡಿದರೆ ಉಳಿದ ಶೇ 85 ಮಂದಿ ಕುಡಿಯದವರಲ್ಲ, ಇನ್ನೂ ಕುಡಿಯಲು ಆರಂಭಿಸದವರು! ಅದೇ ಸಮೀಕ್ಷೆ ಹೇಳಿದ ಇನ್ನೊಂದು ಸಂಗತಿಯೂ ಇದೆ: ಕುಡಿಯುವ 16 ಕೋಟಿಯಲ್ಲಿ 5.7 ಕೋಟಿಯಷ್ಟು ಜನರಿಗೆ ಕುಡಿತದ ಸಮಸ್ಯೆಗಾಗಿ ನೆರವಿನ ಅಗತ್ಯವಿದೆ. ಸ್ಥೂಲವಾಗಿ ಮೂವರಲ್ಲಿ ಒಬ್ಬ. ಮೆಹಂದಿಯ ರಾತ್ರಿ ತೋಟದಲ್ಲಿ ಲೋಟ ಹಿಡಿದು ನಿಂತ ಆರು ಹುಡುಗರಲ್ಲಿ ಆ ಇಬ್ಬರು ಯಾರೆಂಬುದು ಅಂದು ಯಾರಿಗೂ ತಿಳಿದಿರುವುದಿಲ್ಲ.

ಗ್ಯಾರಿ ಬೆಕರ್ ಮತ್ತು ಕೆವಿನ್ ಮರ್ಫಿ ಎಂಬ ಅರ್ಥಶಾಸ್ತ್ರಜ್ಞರು 1988ರಲ್ಲಿ ವ್ಯಸನದ ಬಗ್ಗೆ ಒಂದು ಸಿದ್ಧಾಂತವನ್ನು ಮಂಡಿಸಿದರು. ವ್ಯಸನಿಯೂ ಮುಂದಾಲೋಚನೆಯಿಂದಲೇ ಲೆಕ್ಕ ಹಾಕುತ್ತಾನೆಂಬ ಅವರ ತೀರ್ಮಾನ ನನಗೆ ಎಂದೂ ಪೂರ್ತಿ ಒಪ್ಪಿಗೆಯಾಗಿಲ್ಲ. ಆದರೆ ಅದರ ಒಂದು ಎಳೆ ನಿಜ: ಇಂದಿನ ಸೇವನೆ ನಾಳೆಯ ಬಯಕೆಯನ್ನು ಹೆಚ್ಚಿಸುವ ಪದಾರ್ಥಗಳಿವೆ. ಅಕ್ಕಿ, ಬಟ್ಟೆ, ಸೈಕಲ್‌ಗಳಿಗೆ ಈ ಗುಣವಿಲ್ಲ. ಅಂತಹ ಗುಣವಿರುವ ಪದಾರ್ಥದ ಮೊದಲ ಮೆಟ್ಟಿಲನ್ನು ತಗ್ಗಿಸುವುದೆಂದರೆ ಇಂದಿನ ಒಂದು ಸೀಸೆಯನ್ನಷ್ಟೇ ಮಾರಿದಂತಲ್ಲ, ಮುಂದಿನ ಮೂವತ್ತು ವರ್ಷಗಳ ಗಿರಾಕಿಯನ್ನು ಗಳಿಸಿದಂತೆ.

ಸರ್ಕಾರದ ಆಸಕ್ತಿಯೂ ಇದರಿಂದ ಹೊರಗಿಲ್ಲ ಎಂಬುದನ್ನು ಸರ್ಕಾರದ ಉಪ್ಪುಂಡ ನಾನು ಮರೆಮಾಚಲಾರೆ. ನೌಕರಿಗೆ ಸೇರಿದ ಹೊಸತರಲ್ಲಿ ಸಾರಾಯಿ ಹರಾಜಿನ ಸಭೆಯಲ್ಲಿ ಹಿರಿಯ ಅಧಿಕಾರಿಗಳ ಹಿಂದೆ ಕಡತ ಹಿಡಿದು ಕುಳಿತಿದ್ದೆ. ಹರಾಜಿನ ಮೊತ್ತ ಏರಿದಂತೆಲ್ಲ ಸಭೆಯ ಮುಖಗಳು ಅರಳುತ್ತಿದ್ದವು. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ಊರೂರಿನ ಸಾರಾಯಿ ಗಡಂಗುಗಳು ಮುಚ್ಚಿದವು. ಆದರೆ ಕುಡಿಯುವವನ ಕೈಗೆ ಸಾರಾಯಿಯ ಪ್ಯಾಕೆಟ್ಟಿನ ಬದಲು ಅಗ್ಗದ ವಿಸ್ಕಿಯ 90 ಮಿಲಿ ಲೀಟರಿನ ಪೊಟ್ಟಣ ಬಂತು. 2025-26ರ ರಾಜ್ಯ ಬಜೆಟ್ಟಿನಲ್ಲಿ ಅಬಕಾರಿ ವರಮಾನದ ಗುರಿಯನ್ನು 40,000 ಕೋಟಿ ರೂಪಾಯಿಗೆ ನಿಗದಿಪಡಿಸಲಾಯಿತು. ಪಾನನಿಷೇಧಕ್ಕೆ ಪ್ರಯತ್ನಿಸಬೇಕೆಂದು ಹೇಳುವ ಸಂವಿಧಾನದ 47ನೇ ವಿಧಿ ಮತ್ತು ಈ ಗುರಿ ಎರಡನ್ನೂ ಒಂದೇ ಮೇಜಿನ ಮೇಲೆ ಇಟ್ಟುಕೊಂಡು ಆಡಳಿತ ನಡೆಸುವುದು ನಮ್ಮ ವ್ಯವಸ್ಥೆಗೆ ಅಭ್ಯಾಸವಾಗಿದೆ.

ನಮ್ಮ ಮೂರು ತಾಲ್ಲೂಕುಗಳನ್ನು ಹೆಣೆದಿರುವ ರಾಷ್ಟ್ರೀಯ ಹೆದ್ದಾರಿ 66 ಇದಕ್ಕೆ ಸಾಕ್ಷಿ. ಬ್ರಹ್ಮಾವರದಿಂದ ಕುಂದಾಪುರ, ಅಲ್ಲಿಂದ ಮರವಂತೆಯ ಕಡಲು ಮತ್ತು ಸೌಪರ್ಣಿಕೆಯ ನಡುವೆ ಸಾಗಿ ಬೈಂದೂರು ತಲುಪುವ ಈ ರಸ್ತೆ ಚತುಷ್ಪಥವಾದ ಮೇಲೆ ವೇಗ ಹೆಚ್ಚಿದೆ. ಹೆದ್ದಾರಿಗಳಿಂದ 500 ಮೀಟರ್ ಒಳಗೆ ಮದ್ಯದಂಗಡಿ ಇರಬಾರದೆಂದು ಸುಪ್ರೀಂ ಕೋರ್ಟ್ 2016ರ ಡಿಸೆಂಬರಿನಲ್ಲಿ ಆದೇಶಿಸಿತು. ಸಣ್ಣ ಊರುಗಳಿಗೆ ಆ ಅಂತರ 220 ಮೀಟರಿಗೆ ಇಳಿಯಿತು, ಪುರಸಭೆಗಳ ವ್ಯಾಪ್ತಿಗೆ ಆಮೇಲೆ ವಿನಾಯಿತಿ ದೊರೆಯಿತು. ಅಂಗಡಿಯನ್ನು ಅಳತೆಪಟ್ಟಿ ಹಿಡಿದು ದೂರವಿಡಬಹುದು. ಮನೆಯ ಹಿಂದಿನ ತೋಟಕ್ಕೂ ಹೆದ್ದಾರಿಗೂ ಇರುವ ಅಂತರವನ್ನು ಯಾವ ನ್ಯಾಯಾಲಯ ಅಳೆಯಬೇಕು?

ಇಲ್ಲಿ ಒಂದು ಪ್ರಾಮಾಣಿಕ ಆಕ್ಷೇಪಕ್ಕೆ ಉತ್ತರಿಸಬೇಕಾಗುತ್ತದೆ. ಹೇಗಿದ್ದರೂ ಹುಡುಗರು ಕುಡಿಯುತ್ತಾರೆ. ಕಟುವಾದ ಮದ್ಯಕ್ಕಿಂತ ಲಘುವಾದದ್ದನ್ನು ಕುಡಿಯುವುದು ಒಳಿತಲ್ಲವೇ ಎಂದು ವಿದ್ಯಾವಂತ ಗೆಳೆಯರು ಕೇಳುತ್ತಾರೆ. ಅಧಿಕಾರದಲ್ಲಿದ್ದಾಗ ನಾನೂ ಹಾಗೆಯೇ ವಾದಿಸಿದ್ದೇನೆ. ದಿನವೂ ಕಟು ಮದ್ಯ ಕುಡಿಯುವವನು ಬಿಯರಿಗೋ ಕಳ್ಳಿಗೋ ಇಳಿದರೆ ಅವನ ದೇಹಕ್ಕೆ ಸೇರುವ ಮದ್ಯಸಾರ ಕಡಿಮೆಯಾದೀತು, ಅದು ಲಾಭವೇ. ಆದರೆ ಒಂದೇ ಮೆಟ್ಟಿಲು ಇಳಿಯುವವನಿಗೂ ಹತ್ತುವವನಿಗೂ ಬೇರೆ ಬೇರೆ ಅರ್ಥ ಕೊಡುತ್ತದೆ. ಹೊಸಬನಿಗೆಂದೇ ಮಾಡಿದ ಸಿಹಿ ಪೇಯ ಹಳಬನನ್ನು ಕೆಳಕ್ಕೆ ಇಳಿಸುವುದಿಲ್ಲ; ಹಳಬನಿಗೆ ಅದು ರುಚಿಸುವುದೂ ಇಲ್ಲ. ನೆಲದ ಮೇಲೆ ನಿಂತಿದ್ದವನನ್ನು ಅದು ಮೇಲಕ್ಕೆ ಹತ್ತಿಸುತ್ತದೆ. ‘ಹೇಗಿದ್ದರೂ ಕುಡಿಯುತ್ತಾರೆ’ ಎಂಬ ಮಾತು ದೇಶದ ಶೇ 85 ಮಂದಿಯ ವಿಷಯದಲ್ಲಿ ಸುಳ್ಳು. ಇನ್ನು ಆರೋಗ್ಯದ ಮಾತು: ಮದ್ಯಸಾರಕ್ಕೆ ಸುರಕ್ಷಿತ ಮಿತಿ ಎಂಬುದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟವಾಗಿಯೇ ಹೇಳಿತು. ಮದ್ಯ ಕ್ಯಾನ್ಸರ್‌ಕಾರಕವೆಂಬ ಅಂತರರಾಷ್ಟ್ರೀಯ ಸಂಸ್ಥೆಯ ನಿರ್ಣಯವಂತೂ 1988ರಷ್ಟು ಹಳೆಯದು.

ಬೇರೆ ದೇಶಗಳು ಈ ಹಾದಿಯನ್ನು ನಮಗಿಂತ ಮೊದಲು ನಡೆದಿವೆ. 1990ರ ದಶಕದಲ್ಲಿ ಆಸ್ಟ್ರೇಲಿಯಾ ಮತ್ತು ಬ್ರಿಟನ್ನಿನಲ್ಲಿ ನಿಂಬೆ ಪಾನಕದಂತಹ ಮದ್ಯಗಳು ಹದಿಹರೆಯದವರ ಕೈಸೇರಿ ದೊಡ್ಡ ವಿವಾದವೇ ಆಯಿತು. ಜರ್ಮನಿ 2004ರಲ್ಲಿ ಇಂತಹ ಸಿಹಿ ಮಿಶ್ರಣಗಳ ಮೇಲೆ ವಿಶೇಷ ತೆರಿಗೆ ವಿಧಿಸಿತು. ಅವುಗಳ ಮಾರಾಟ ಕುಸಿಯಿತು. ಆದರೆ ತಯಾರಕರು ಭಟ್ಟಿಮದ್ಯದ ಬದಲು ಬಿಯರ್ ಮತ್ತು ವೈನ್ ಬೆರೆಸಿ ಅದೇ ಸಿಹಿಯನ್ನು ಮತ್ತೆ ತಂದರು. ಆಸ್ಟ್ರೇಲಿಯಾ 2008ರಲ್ಲಿ ಸಿದ್ಧ ಮಿಶ್ರಣಗಳ ಸುಂಕವನ್ನು ಒಮ್ಮೆಲೇ ಸುಮಾರು ಶೇ 70ರಷ್ಟು ಏರಿಸಿ ಭಟ್ಟಿಮದ್ಯದ ಸಮಕ್ಕೆ ತಂದಾಗಲೂ ಅವುಗಳ ಮಾರಾಟ ಇಳಿಯಿತು. ಕೆಲವರು ನೇರವಾಗಿ ಭಟ್ಟಿಮದ್ಯದತ್ತ ಹೊರಳಿದರು. ಎರಡರಿಂದಲೂ ಸಿಗುವ ಪಾಠ ಒಂದೇ. ಪದಾರ್ಥದ ಹೆಸರಿಗೆ ತೆರಿಗೆ ಹಾಕಿದರೆ ಹೆಸರು ಬದಲಾಗುತ್ತದೆ. ಅದರೊಳಗಿನ ಮದ್ಯಸಾರಕ್ಕೆ ತೆರಿಗೆ ಹಾಕಿದರೆ ತಪ್ಪಿಸಿಕೊಳ್ಳಲು ದಾರಿ ಕಡಿಮೆ. ಬ್ರಿಟನ್ 2023ರ ಆಗಸ್ಟಿನಿಂದ ಮದ್ಯಸಾರದ ಪ್ರಮಾಣವನ್ನೇ ಆಧಾರವಾಗಿಟ್ಟುಕೊಂಡ ಸುಂಕಕ್ಕೆ ಬದಲಾಗಿದೆ. ನಮ್ಮ ರಾಜ್ಯ ಬಹುಕಾಲ ಘೋಷಿತ ಬೆಲೆಯ ಹಂತಗಳನ್ನು ನೆಚ್ಚಿಕೊಂಡು ಬಂತು. ಗ್ರಾಂ ಲೆಕ್ಕವೇ ನಮ್ಮ ಅಬಕಾರಿ ನೀತಿಯ ತಳಹದಿಯಾಗಬೇಕೆಂಬುದು ನನ್ನ ಮೊದಲ ಸಲಹೆ.

ಎರಡನೆಯದು ಚೀಟಿಯ ವಿಷಯ. 2019ರ ಏಪ್ರಿಲಿನಿಂದ ಜಾರಿಗೆ ಬಂದ ಆಹಾರ ಸುರಕ್ಷತಾ ನಿಯಮಗಳಂತೆ ಪ್ರತಿ ಸೀಸೆಯ ಮೇಲೆ ಆರೋಗ್ಯದ ಎಚ್ಚರಿಕೆ ಮತ್ತು ಕುಡಿದು ವಾಹನ ಓಡಿಸಬಾರದೆಂಬ ಮಾತು ಇರಲೇಬೇಕು. ಒಳ್ಳೆಯದೇ. ಆದರೆ ಶೇಕಡಾವಾರು ಎಂಬುದು ಹತ್ತೊಂಬತ್ತರ ಹುಡುಗನಿಗೆ ಏನನ್ನೂ ಹೇಳುವುದಿಲ್ಲ. ‘ಇದರ ಮೂರು ಲೋಟ, ವಿಸ್ಕಿಯ ಎರಡೂವರೆ ಪೆಗ್ಗಿಗೆ ಸಮ’ ಎಂಬ ವಾಕ್ಯ ಹೇಳುತ್ತದೆ. ಒಂದು ಬಿಸ್ಕತ್ತಿನ ಪೊಟ್ಟಣ ತನ್ನಲ್ಲಿರುವ ಸಕ್ಕರೆಯನ್ನು ಗ್ರಾಂ ಲೆಕ್ಕದಲ್ಲಿ ಒಪ್ಪಿಕೊಳ್ಳುತ್ತದೆ. ಯುರೋಪಿನಲ್ಲಿ ಲಿಕ್ಯೂರ್ ಎನಿಸಿಕೊಳ್ಳಲು ಲೀಟರಿಗೆ ಕನಿಷ್ಠ 100 ಗ್ರಾಂ ಸಕ್ಕರೆಯಾದರೂ ಇರಬೇಕೆಂಬ ನಿಯಮವಿದೆ; ಅಷ್ಟು ಸಿಹಿಯಾದ ಪದಾರ್ಥ ನಮ್ಮಲ್ಲಿ ತನ್ನ ಸಕ್ಕರೆಯ ಬಗ್ಗೆ ಮೌನವಾಗಿರುವುದನ್ನು ಸಕ್ಕರೆ ಕಾಯಿಲೆಯ ಈ ನಾಡು ಒಪ್ಪಬಾರದು. ಸಿಹಿ ಸೇರಿಸಿದ ಪ್ರತಿ ಮದ್ಯದ ಮೇಲೂ ಒಂದು ಲೋಟದಲ್ಲಿರುವ ಮದ್ಯಸಾರ ಮತ್ತು ಸಕ್ಕರೆಯ ಗ್ರಾಂಗಳು ಕನ್ನಡದಲ್ಲಿ ಅಚ್ಚಾಗಲಿ.

ಮೂರನೆಯದು ವಯಸ್ಸು. ನಮ್ಮ ಅಬಕಾರಿ ನಿಯಮಗಳು 21 ವರ್ಷ ತುಂಬದವರಿಗೆ ಮದ್ಯ ಮಾರುವುದನ್ನು ತಡೆದಿವೆ. 2023ರ ಜನವರಿಯಲ್ಲಿ ಅದನ್ನು 18ಕ್ಕೆ ಇಳಿಸುವ ಕರಡು ಪ್ರಕಟವಾಗಿ, ಸಾರ್ವಜನಿಕ ವಿರೋಧ ಬಂದ ಮೇಲೆ ಸರ್ಕಾರ ಅದನ್ನು ಹಿಂತೆಗೆದುಕೊಂಡಿತು. ಹಿಂತೆಗೆದದ್ದು ಸರಿಯೇ. ಆದರೆ ನಿಯಮ ಕಡತದಲ್ಲಿ ಉಳಿದರೆ ಸಾಲದು. ಅಂಗಡಿಯ ಕಟ್ಟೆಯ ಬಳಿ ಗುರುತಿನ ಚೀಟಿ ಕೇಳುವ ಕೈಯೊಂದಿರಬೇಕು. ಸಿನಿಮಾ ಟಿಕೆಟ್ಟಿಗೂ ವಯಸ್ಸು ನೋಡುವ ನಾಡಿನಲ್ಲಿ ಇದೇನು ಅಸಾಧ್ಯದ ಕೆಲಸವಲ್ಲ.

ನಾನು ನಿಷೇಧವನ್ನು ಕೇಳುತ್ತಿಲ್ಲ. ಬಾಲ್ಯದಲ್ಲಿ ಕಳ್ಳಭಟ್ಟಿಯ ಕಾಲವನ್ನು ಕಂಡವನು ಅದನ್ನು ಕೇಳಲಾರ. ವಯಸ್ಕನೊಬ್ಬ ತಿಳಿದು ಆಯ್ದುಕೊಳ್ಳುವುದು ಅವನ ಹಕ್ಕೆಂದೇ ಭಾವಿಸಿದ್ದೇನೆ. ಆದರೆ ‘ತಿಳಿದು’ ಎಂಬ ಮಾತಿಗೆ ಬೆಲೆ ಬರಬೇಕಾದರೆ ತಿಳಿಯುವ ದಾರಿ ತೆರೆದಿರಬೇಕು. ಮಾಹಿತಿ ಮುಚ್ಚಿದ ಮಾರುಕಟ್ಟೆಯಲ್ಲಿ ಆಯ್ಕೆಯ ಸ್ವಾತಂತ್ರ್ಯದ ಮಾತು ಬರೀ ಬಾಯುಪಚಾರ. ಪ್ರಕೃತಿ ನಾಲಗೆಗೆ ಕೊಟ್ಟಿದ್ದ ಮಾಹಿತಿಯನ್ನು ಸಿಹಿಯಿಂದ ಮುಚ್ಚಿದವರು ಅದನ್ನು ಕಣ್ಣಿಗಾದರೂ ಮರಳಿಸಲಿ ಎಂಬುದಷ್ಟೇ ನನ್ನ ವಾದ.

ಇಷ್ಟೆಲ್ಲ ಹೇಳಿದ ಮೇಲೆ ಸರ್ಕಾರದ ಪಾಲಿಗಿಂತ ದೊಡ್ಡದಾದ ಮನೆಯ ಪಾಲು ಉಳಿದೇ ಇರುತ್ತದೆ. ಅಂದು ಸೀಸೆಯ ಮೇಲಿನ ಚೀಟಿಯನ್ನು ನಾನು ಓದಿದ್ದೆ. ಶೇ 35 ಎಂದರೇನೆಂಬುದು ನನಗೆ ಗೊತ್ತಿತ್ತು. 21ರ ನಿಯಮವೂ ಗೊತ್ತಿತ್ತು. ಆ ತೋಟದಲ್ಲಿ ಲೆಕ್ಕ ತಿಳಿದಿದ್ದವನು ಬಹುಶಃ ನಾನೊಬ್ಬನೇ. ಹುಡುಗ ನನ್ನ ಮುಖ ನೋಡಿದ್ದು ಒಂದು ಮಾತಿಗಾಗಿ. ನಾನು ನಕ್ಕು ‘ಪಾನಕ’ ಎಂದೆ. ಆ ರಾತ್ರಿ ಅವನ ನಾಲಗೆಯ ಕಾವಲನ್ನು ಸೀಸೆ ತಪ್ಪಿಸಿತು; ಮನೆಯ ಹಿರಿಯನ ಕಾವಲನ್ನು ನಾನೇ ತಪ್ಪಿಸಿದೆ.

ಕಳೆದ ಬೇಸಿಗೆಯಲ್ಲಿ ಬ್ರಹ್ಮಾವರದ ಕಡೆಯ ನೆಂಟರ ಮನೆಯಲ್ಲಿ ಇನ್ನೊಂದು ಮೆಹಂದಿ ಇತ್ತು. ತೋಟದಲ್ಲಿ ಅದೇ ದೃಶ್ಯ, ಅದೇ ಬಗೆಯ ಸೀಸೆ. ಕಾಲು ಎಳೆಯುತ್ತಾ ಬಂದ ಅಕ್ಕನ ಮೊಮ್ಮಗ, ತನಗಿಂತ ಚಿಕ್ಕವನಾದ ಹುಡುಗನೊಬ್ಬನ ಕೈಯ ಲೋಟವನ್ನು ತೆಗೆದುಕೊಂಡು ಸದ್ದಿಲ್ಲದೆ ತೆಂಗಿನ ಬುಡಕ್ಕೆ ಚೆಲ್ಲಿದ. ಅಲ್ಲೇ ನಿಂತಿದ್ದ ಅವನ ಬೈಕಿನ ಬೀಗದ ಕೈಯನ್ನು ತೆಗೆದು ತಂದು ನನ್ನ ಕೈಗಿಟ್ಟ. ಬೆಳಗಾಗುವವರೆಗೆ ಅದು ನನ್ನ ಅಂಗಿಯ ಜೇಬಿನಲ್ಲೇ ಇತ್ತು.